ಡಿಫರೆನ್ಷಿಯಲ್‌ನ ಎಣ್ಣೆ

ಫೋರ್ ವೀಲ್ ಡ್ರೈವ್ ಪಿಕಪ್‌ನಲ್ಲಿ ಡಿಫರೆನ್ಷಿಯಲ್ ಎರಡು. ಹಿಂದಿನ ಆಕ್ಸಲ್‌ನ ನಡುವೆ ಗುಂಡಗೆ ಉಬ್ಬಿದ ಹೌಸಿಂಗ್‌ನೊಳಗೆ ಒಂದು, ಮುಂದಿನ ಚಕ್ರಗಳ ನಡುವೆ ಇನ್ನೊಂದು. ಎರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಎಣ್ಣೆಯ ಲೆಕ್ಕವೇ ಬೇರೆ. ಇಂಜಿನ್ ಆಯಿಲನ್ನು ತಪ್ಪದೆ ಬದಲಿಸುವ ಮಾಲೀಕರೂ ಡಿಫರೆನ್ಷಿಯಲನ್ನು ಮರೆತುಬಿಡುತ್ತಾರೆ. ಅಲ್ಲಿ ಸಾಮಾನ್ಯವಾಗಿ ಡಿಪ್‌ಸ್ಟಿಕ್ ಇಲ್ಲ, ಎಚ್ಚರಿಸುವ ಕೆಂಪು ದೀಪವೂ ಇಲ್ಲ. ಗುಂಯ್‌ಗುಟ್ಟುವ ಸದ್ದು ಕೇಳಿಸುವ ಹೊತ್ತಿಗೆ ಹಲ್ಲೋ ಬೇರಿಂಗೋ ಸವೆದಾಗಿರುತ್ತದೆ.

ಇಲ್ಲಿನ ಕ್ರೌನ್ ಮತ್ತು ಪಿನಿಯನ್ ಬಹುಪಾಲು ಹೈಪಾಯ್ಡ್ ಜಾತಿಯವು. ಪಿನಿಯನ್ ಕ್ರೌನ್‌ನ ನಡುಮಧ್ಯಕ್ಕೆ ನೇರವಾಗಿ ಬರದೆ ಸ್ವಲ್ಪ ಸರಿದು ಕೂರುತ್ತದೆ. ಅದರಿಂದ ಹಲ್ಲುಗಳ ಹಿಡಿತ ದೊಡ್ಡದು, ಸದ್ದು ಕಡಿಮೆ. ಆದರೆ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಸಾದಾ ಎಣ್ಣೆಯ ಪದರ ನಿಲ್ಲದು. ಅದಕ್ಕೇ ಗಂಧಕ, ರಂಜಕದ ಸಂಯುಕ್ತ ಬೆರೆಸಿದ ಜಿಎಲ್-5 ದರ್ಜೆಯ ಎಣ್ಣೆ. ಡಬ್ಬಿ ತೆರೆದ ಕೂಡಲೇ ಮೂಗಿಗೆ ಬಡಿಯುವ ವಾಸನೆ ಆ ಗಂಧಕದ್ದು. ದಪ್ಪ 75ಡಬ್ಲ್ಯು-90, 80ಡಬ್ಲ್ಯು-90 ಅಥವಾ ಭಾರ ಹೊರುವ ಕೆಲವು ಗಾಡಿಗಳಿಗೆ 85ಡಬ್ಲ್ಯು-140. ಈ ವಿಷಯದಲ್ಲಿ ಅಂಗಡಿಯವನ ಮಾತಿಗಿಂತ ಗಾಡಿಯ ಕೈಪಿಡಿಯೇ ಪ್ರಮಾಣ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದಕ್ಕೆ ಹೊಂದುವ ಎಣ್ಣೆಯನ್ನೇ ಕೇಳಿ ತರಬೇಕು. ಉಳಿದ ಜಿಎಲ್-5 ಎಣ್ಣೆಯನ್ನು ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ ಸುರಿಯುವುದು ಉಳಿತಾಯವಲ್ಲ. ಅಲ್ಲಿನ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಅದು ಒಗ್ಗದೆ ಹೋಗಬಹುದು.

ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು? ಸುಮಾರು 40,000 ಎಂಬುದು ಡಾಂಬರು ರಸ್ತೆಯ ಲೆಕ್ಕ. ಮಲೆನಾಡಿನ ಕಾಫಿ ತೋಟದಲ್ಲಿ ಮಳೆಗಾಲದ ಹಳ್ಳ ದಾಟುವ ಪಿಕಪ್‌ಗೆ ಆ ಲೆಕ್ಕ ನಡೆಯದು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲೆಂದು ಇಟ್ಟ ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಸೀಲ್‌ಗಳ ಸಂದಿನಿಂದ, ಬ್ರೀದರ್ ತಾನೇ ಮುಳುಗಿದ್ದರೆ ಅದರ ಮೂಲಕವೇ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅಂಥದ್ದನ್ನು ಅದೇ ದಿನ ತೆಗೆಯಬೇಕು, ಹಾಕಿ ವಾರವಷ್ಟೇ ಆಗಿದ್ದರೂ ಸರಿ. ದುಬಾರಿ ಸಿಂಥೆಟಿಕ್ ಎಣ್ಣೆಗೆ ಹಣ ಸುರಿಯುವ ಮೊದಲು ಬ್ರೀದರ್‌ನ ಪೈಪನ್ನು ಬಾನೆಟ್‌ನ ಎತ್ತರಕ್ಕೆ ಒಯ್ಯುವುದು ಜಾಣತನ. ಹೆಚ್ಚಾಗಿ ಟೂ ವೀಲ್‌ನಲ್ಲೇ ಓಡುವ ಗಾಡಿಯ ಮುಂದಿನ ಡಿಫರೆನ್ಷಿಯಲ್‌ಗೆ ದುಡಿಮೆ ಕಡಿಮೆ, ನಿಜ. ಆದರೆ ಹಳ್ಳದಲ್ಲಿ ಮೊದಲು ಮುಳುಗುವುದು ಅದೇ.

ಕೆಲಸಕ್ಕೆ ಕೂರುವ ಮೊದಲು ಗಾಡಿಯನ್ನು ಸ್ವಲ್ಪ ದೂರ ಓಡಿಸಿದರೆ ಎಣ್ಣೆ ಬೆಚ್ಚಗಾಗಿ ಸಲೀಸಾಗಿ ಇಳಿಯುತ್ತದೆ. ಆಮೇಲೆ ಸಮತಟ್ಟಾದ ನೆಲ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡಗಲ್ಲು. ಮೊದಲು ಬಿಚ್ಚಬೇಕಾದದ್ದು ಮೇಲಿನ ಫಿಲ್ಲರ್ ಪ್ಲಗ್, ಕೆಳಗಿನ ಡ್ರೈನ್ ಪ್ಲಗ್ ಅಲ್ಲ. ತುಕ್ಕು ಹಿಡಿದ ಫಿಲ್ಲರ್ ಬಿಚ್ಚಲು ಬರದೆ, ಇತ್ತ ಎಣ್ಣೆಯೆಲ್ಲ ಇಳಿದುಹೋದರೆ ಗಾಡಿ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಕೆಲವು ಹೌಸಿಂಗ್‌ಗಳಿಗೆ ಡ್ರೈನ್ ಪ್ಲಗ್ಗೇ ಇಲ್ಲ. ಅಲ್ಲಿ ಹಿಂದಿನ ಮುಚ್ಚಳ ಬಿಚ್ಚಬೇಕು, ಇಲ್ಲವೇ ಪಂಪಿನಿಂದ ಎಳೆಯಬೇಕು.

ಡ್ರೈನ್ ಪ್ಲಗ್‌ನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದನ್ನು ಒರೆಸುವ ಮುನ್ನ ನೋಡಬೇಕು. ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಹರಡುವ ಬೂದು ಪೇಸ್ಟ್ ಸಹಜ ಸವೆತ. ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಹೊಸ ಎಣ್ಣೆಯಿಂದ ಪ್ರಯೋಜನವಿಲ್ಲ, ಹೌಸಿಂಗ್ ಬಿಚ್ಚಿಸಲೇಬೇಕು.

ಎಣ್ಣೆ ತೊಟ್ಟಿಕ್ಕುವುದು ನಿಂತ ಮೇಲೆ ಹೊಸ ವಾಷರ್ ಹಾಕಿ ಡ್ರೈನ್ ಪ್ಲಗ್ ಬಿಗಿದು, ಕೈಪಂಪಿನಿಂದ ಹೊಸ ಎಣ್ಣೆ ತುಂಬಬೇಕು. ಬಹುತೇಕ ಗಾಡಿಗಳಲ್ಲಿ ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ ಬಂದು ಹೊರಗೆ ಜಿನುಗತೊಡಗಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಬಿಸಿಯಾದಾಗ ಬ್ರೀದರ್‌ನಿಂದ ಉಕ್ಕುತ್ತದೆ. ಒಂದಿಷ್ಟು ದೂರ ಓಡಿಸಿ ಬಂದು ಎರಡೂ ಪ್ಲಗ್‌ಗಳ ಸುತ್ತ ಬೆರಳಾಡಿಸಿ ಸೋರಿಕೆ ನೋಡಿಕೊಳ್ಳಬೇಕು. ತೆಗೆದ ಎಣ್ಣೆ ಚರಂಡಿಗಾಗಲಿ ಬೇಲಿಯ ಬುಡಕ್ಕಾಗಲಿ ಹೋಗಬಾರದು. ಮುಚ್ಚಳವಿರುವ ಕ್ಯಾನ್‌ನಲ್ಲಿ ತುಂಬಿ, ಹಳೆ ಎಣ್ಣೆಯನ್ನು ಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಕೊಡಬೇಕು.