ಕೂರಲು ಬಿಡುವ ಉದ್ಯಾನ

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ರಸ್ತೆಯ ನಡುವೆ ಎರಡಡಿ ಅಗಲದ ಉದ್ಯಾನವೊಂದಿದೆ. ದೀಪದ ಕಂಬಕ್ಕೆಂದು ತೋಡಿದ ಗುಂಡಿಗೆ ಕಂಬ ಬರಲಿಲ್ಲ, ಕಳೆ ಬಂತು. ಕಚೇರಿಯ ಕಿಟಕಿಯಿಂದ ಅದನ್ನು ನೋಡುತ್ತಿದ್ದ ಪತ್ರಕರ್ತ ಡಿಕ್ ಫಾಗನ್ ಅಲ್ಲಿ ಹೂಗಿಡ ನೆಟ್ಟು, ತಮ್ಮ ಅಂಕಣದ ಹೆಸರನ್ನೇ ಇಟ್ಟು ಮಿಲ್ ಎಂಡ್ಸ್ ಪಾರ್ಕ್ ಎಂದು ಕರೆದರು. 1976ರಲ್ಲಿ ನಗರಾಡಳಿತವೂ ಅದನ್ನು ಉದ್ಯಾನವೆಂದು ಒಪ್ಪಿತು. ಕತೆ ಚೆಂದವಿದೆ. ಆದರೆ ಅಲ್ಲಿ ಯಾರೂ ಕೂರಲಾರರು.

ನನಗೆ ನಮ್ಮ ಅಶ್ವತ್ಥಕಟ್ಟೆ ದೊಡ್ಡದಾಗಿ ಕಾಣುವುದು ಇಲ್ಲಿಯೇ. ಒಂದು ಮರ, ಸುತ್ತ ಮೊಣಕಾಲೆತ್ತರದ ಮುರಕಲ್ಲು, ಬುಡದಲ್ಲಿ ಕೆಲವೆಡೆ ನಾಗನ ಕಲ್ಲು. ಗೇಟಿಲ್ಲ, ಸಮಯದ ಫಲಕವಿಲ್ಲ. ಗಾಳಿ ಇಲ್ಲವೆನ್ನುವ ಮಧ್ಯಾಹ್ನವೂ ಎಲೆಯ ತುದಿ ಅಲುಗುತ್ತಿರುತ್ತದೆ. ಹಣ್ಣಾದಾಗ ಹಕ್ಕಿಗಳಿಗೂ ಬಾವಲಿಗಳಿಗೂ ಊಟ. ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಏಪ್ರಿಲ್ 10ರಂದು ಕೊಡಿ (ಧ್ವಜ) ಏರಿದ ಮೇಲೆ ದೇವರು ಪೇಟೆ ಸವಾರಿ ಹೊರಟು ಕಟ್ಟೆಪೂಜೆ ಪಡೆಯುತ್ತಾನೆ. ಮರವಿರಲಿ ಇಲ್ಲದಿರಲಿ, ಕಟ್ಟೆಯೆಂದರೆ ದೇವರೂ ಕೂತು ಏಳುವ ಜಾಗ.

ಈಗಿನ ಜೀರ್ಣೋದ್ಧಾರಗಳನ್ನು ಮಾತ್ರ ಮೆಚ್ಚಲಾರೆ. ಕಾಂಡದವರೆಗೂ ಸಿಮೆಂಟು, ಮೇಲೆ ನುಣುಪಾದ ಟೈಲ್ಸು, ಸುತ್ತ ಕಬ್ಬಿಣದ ಬೇಲಿ. ಮುರಕಲ್ಲಿನ ಸಂದಿಯಲ್ಲಿ ಇಳಿಯುತ್ತಿದ್ದ ಮಳೆನೀರು ಹೊರಗೆ ಹರಿದುಹೋಗುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ಬೇಲಿ ಬಂದ ದಿನ ಕಟ್ಟೆ ಬರೀ ನೋಡುವ ವಸ್ತುವಾಯಿತು. ದಾನಿಯ ಹೆಸರಿನ ಗ್ರಾನೈಟ್ ಫಲಕಕ್ಕೆ ಸಿಕ್ಕ ಜಾಗ ದಣಿದವನಿಗೆ ಸಿಗುವುದಿಲ್ಲ.

ಹಳೆಯ ಕಟ್ಟೆಯಲ್ಲೂ ಕೊರತೆಯಿತ್ತು. ಹೆಂಗಸರು ಪ್ರದಕ್ಷಿಣೆ ಬಂದು ಮನೆಗೆ ಹೋಗುತ್ತಿದ್ದರು, ಹರಟೆಗೆ ಕೂರುತ್ತಿದ್ದವರು ಗಂಡಸರೇ. ಯಾವ ಜಾತಿಯವರು ಎಲ್ಲಿ ಕೂರಬಹುದೆಂಬುದೂ ಬಾಯಿಬಿಟ್ಟು ಹೇಳದ ಕಟ್ಟಳೆಯಾಗಿತ್ತು. ಅದನ್ನು ಮರೆಸಿ ಕಟ್ಟೆಯನ್ನು ಹೊಗಳುವುದು ನ್ಯಾಯವಲ್ಲ.

ಆದರೂ ಕೂರಲು ಬಿಡುವ ಕಟ್ಟೆ ಇವತ್ತಿಗೂ ಬೇಕು. ಹೆದ್ದಾರಿ ಬದಿಯ ಗುಂಡ್ಯದಲ್ಲಿ ಶಿರಾಡಿಯ ಕಾಡು ರಸ್ತೆಗೇ ತಾಗಿ ನಿಂತಿದೆ, ಇಲ್ಲಿಗೇಕೆ ಉದ್ಯಾನ ಎನ್ನಬಹುದು. ಆದರೆ ಬಸ್ಸಿಗೆ ಕಾಯುವವರು ಕಾಡೊಳಗೆ ಹೋಗಿ ಕೂರಲಾರರು. ಅವರಿಗೆ ನೆರಳು ಬೇಕಿರುವುದು ರಸ್ತೆಯ ಪಕ್ಕದಲ್ಲೇ. ಹೆದ್ದಾರಿ ಅಗಲವಾಗುವಾಗ ಮೊದಲು ಹೋಗುವುದೂ ಆ ನೆರಳೇ. ಸುಬ್ರಹ್ಮಣ್ಯದ ರಸ್ತೆ ಕವಲೊಡೆಯುವಲ್ಲಿ ಒಂದು ಕಟ್ಟೆ ಕಟ್ಟಬೇಕು: ಬುಡಕ್ಕೆ ಸಿಮೆಂಟು ಸೋಕದಂತೆ, ಬೇಲಿಯಿಲ್ಲದೆ, ಮಗುವನ್ನು ಮಲಗಿಸಿ ಚೀಲವನ್ನೂ ಇಟ್ಟುಕೊಂಡು ಒಬ್ಬ ತಾಯಿ ನಿರಾಳವಾಗಿ ಕೂರುವಷ್ಟು ಅಗಲಕ್ಕೆ.