ಸಂವಿಧಾನದ ಚಿತ್ರಗಳು ಮತ್ತು ಕುರ್ಲಾದ ತರಗತಿ

ಭಾರತದ ಸಂವಿಧಾನದ ಮೂಲಪ್ರತಿ ಅಚ್ಚಿನದಲ್ಲ, ಕೈಬರಹದ್ದು. ಇಂಗ್ಲಿಷ್ ಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಬರೆದರು. ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಬಳಗ 22 ಭಾಗಗಳಿಗೂ ಒಂದೊಂದು ಚಿತ್ರ ಕೊಟ್ಟಿತು. 1950ರ ಜನವರಿ 24ರಂದು ಸಂವಿಧಾನ ಸಭೆಯ ಸದಸ್ಯರು ಸಹಿ ಹಾಕಿದ್ದು ಈ ಹಾಳೆಗಳಿಗೇ. ರಾಷ್ಟ್ರ ಹುಟ್ಟಿದ ಬಗೆಯನ್ನು ಮಕ್ಕಳಿಗೆ ಕಲಿಸಲು ಈ ಚಿತ್ರಮಾಲೆಗಿಂತ ಒಳ್ಳೆಯ ಸಾಧನ ಬೇರಿಲ್ಲವೆಂಬ ಹೊಗಳಿಕೆ, 2015ರಿಂದ ನವೆಂಬರ್ 26 ಸಂವಿಧಾನ ದಿನವಾದ ಮೇಲೆ ಇನ್ನಷ್ಟು ಬೆಳೆದಿದೆ. ಈ ಹೊಗಳಿಕೆ ಅತಿಯಾದದ್ದು. ಕಲೆಯಾಗಿ ಚಿತ್ರಗಳು ದೊಡ್ಡವು; ಸ್ಥಾಪನೆಯ ಪಾಠವಾಗಿ ಅವು ಸಾಲವು.

ಚಿತ್ರಗಳ ಗುಣದ ಬಗ್ಗೆ ತಕರಾರಿಲ್ಲ. ಅಜಂತಾದ ರೇಖೆಯನ್ನು ಅರಗಿಸಿಕೊಂಡ ಕೈ ಇಲ್ಲಿ ಕೆಲಸ ಮಾಡಿದೆ. ಬಣ್ಣದ ಮಿತವ್ಯಯ, ಅಂಚಿನ ಬಳ್ಳಿಗಳ ನೇಯ್ಗೆ ಎರಡೂ ಮೆಚ್ಚುವಂಥವು. ತೊಡಕಿರುವುದು ಚಿತ್ರಕ್ಕೂ ಅದರ ಕೆಳಗಿನ ಪಠ್ಯಕ್ಕೂ ಇರುವ ನಂಟಿನಲ್ಲಿ.

ಮೂಲಭೂತ ಹಕ್ಕುಗಳನ್ನು ಹೇಳುವ ಮೂರನೆಯ ಭಾಗದಲ್ಲಿ ರಾಮ, ಸೀತೆ, ಲಕ್ಷ್ಮಣರಿದ್ದಾರೆ. ನಿರ್ದೇಶಕ ತತ್ವಗಳ ನಾಲ್ಕನೆಯ ಭಾಗದಲ್ಲಿ ಅರ್ಜುನನಿಗೆ ಗೀತೆ ಹೇಳುವ ಕೃಷ್ಣ. ಈ ಎರಡನ್ನೇ ಹಿಡಿದು, ಪ್ರತಿ ಚಿತ್ರವೂ ತನ್ನ ಭಾಗದ ಅರ್ಥವನ್ನು ಬಿಡಿಸಿ ಹೇಳುತ್ತದೆ ಎಂದು ಕೆಲವು ವ್ಯಾಖ್ಯಾನಕಾರರು ವಾದಿಸುತ್ತಾರೆ. ಮಿಕ್ಕ ಚಿತ್ರಗಳನ್ನು ನೋಡಿದರೆ ಈ ವಾದ ಕುಸಿಯುತ್ತದೆ. ಚುನಾವಣೆಗಳ ಹದಿನೈದನೆಯ ಭಾಗದಲ್ಲಿರುವವರು ಶಿವಾಜಿ ಮತ್ತು ಗುರು ಗೋವಿಂದ ಸಿಂಗ್. ಅದೇ ಭಾಗದ 326ನೆಯ ವಿಧಿ ವಯಸ್ಕ ಮತದಾನವನ್ನು ತಂದಿತು. ಅದರ ಬಲದಿಂದ 1951–52ರಲ್ಲಿ ಸುಮಾರು 17 ಕೋಟಿ ಜನ ಮತದಾರರಾದರು. ಆ ಮಹಾ ಘಟನೆಯ ಸುಳಿವೂ ಚಿತ್ರದಲ್ಲಿಲ್ಲ. ಪರಿಶಿಷ್ಟರಿಗೆ ಶಾಸನಸಭೆಗಳಲ್ಲಿ ಸ್ಥಾನ ಮೀಸಲಿಟ್ಟ ಹದಿನಾರನೆಯ ಭಾಗದಲ್ಲಿ ಟಿಪ್ಪು ಸುಲ್ತಾನ್ ಮತ್ತು ಝಾನ್ಸಿಯ ಲಕ್ಷ್ಮೀಬಾಯಿ ಇದ್ದಾರೆ. ರಾಜಭಾಷೆಯ ಹದಿನೇಳನೆಯ ಭಾಗಕ್ಕೆ ಸಿಕ್ಕಿರುವುದು ದಂಡಿ ಯಾತ್ರೆ.

ಮೊಹೆಂಜೊದಾರೊದ ಮುದ್ರೆಯಿಂದ ಹೊರಟ ಸಾಲು ಗುರುಕುಲ, ಬುದ್ಧ, ಅಶೋಕ, ನಳಂದಾ, ಅಕ್ಬರ್ ಎಂದು ಸಾಗಿ ಗಾಂಧೀಜಿ, ನೇತಾಜಿಯವರಲ್ಲಿಗೆ ಬರುತ್ತದೆ. ಕೊನೆಯ ಮೂರರಲ್ಲಿ ಹಿಮಾಲಯ, ಮರುಭೂಮಿ, ಕಡಲು. ಚಿತ್ರಗಳು ಸುಮಾರಾಗಿ ಕಾಲಕ್ರಮದಲ್ಲಿವೆ, ಪಠ್ಯ ಕಾನೂನಿನ ಕ್ರಮದಲ್ಲಿದೆ. ಮುಂಬೈಯ ಕುರ್ಲಾ ನಿಲ್ದಾಣದ ಮುಖ್ಯ ಮಾರ್ಗ ಮತ್ತು ಹಾರ್ಬರ್ ಮಾರ್ಗದಂತೆ ಇವೆರಡೂ ಒಂದೇ ಕಡೆ ನಿಂತರೂ ಹಳಿಗಳು ಬೇರೆ.

ಮಾರಾಟಕ್ಕಿರುವ ಪ್ರತಿಗಳಲ್ಲಿ ಈ ಚಿತ್ರಗಳಿಲ್ಲವೆಂಬ ಆಕ್ಷೇಪ 2025ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲೂ ಕೇಳಿಬಂತು. ಚಿತ್ರಗಳನ್ನು ಅಚ್ಚುಹಾಕುವುದು ಸರಿಯೇ. ಆದರೆ ಚಿತ್ರವಿಲ್ಲದ ಸಂವಿಧಾನಕ್ಕೆ ಆತ್ಮವಿಲ್ಲ ಎನ್ನುವವರು ಹಕ್ಕಿನ ಮೂಲವನ್ನು ವಿಧಿಯಿಂದ ಕಿತ್ತು ಪುರಾಣದಲ್ಲಿ ನೆಡುತ್ತಾರೆ. ಇವು ಬರೀ ಅಲಂಕಾರ, ಪಾಠಕ್ಕೆ ಬೇಡ ಎನ್ನುವ ಎದುರು ಬಣವೂ ತಪ್ಪುತ್ತದೆ: ಟಿಪ್ಪುವನ್ನೂ ಲಕ್ಷ್ಮೀಬಾಯಿಯನ್ನೂ ಒಂದೇ ಹಾಳೆಗೆ ತಂದದ್ದು ಆ ಪೀಳಿಗೆಯ ತೀರ್ಮಾನ, ಮತ್ತು ಅದು ಚರಿತ್ರೆಗೆ ಸಾಕ್ಷ್ಯ. ಎರಡು ಬಣಗಳೂ ಚಿತ್ರದಲ್ಲಿ ಏನಿಲ್ಲ ಎಂದು ಕೇಳುವುದಿಲ್ಲ.

ಇಲ್ಲದಿರುವುದು ಸ್ಥಾಪನೆಯೇ. ಸಂವಿಧಾನ ಸಭೆಯಾಗಲಿ ಅಂಬೇಡ್ಕರ್ ಆಗಲಿ ಈ ಸಾಲಿನಲ್ಲಿಲ್ಲ. ಸಭೆಯ 15 ಮಹಿಳಾ ಸದಸ್ಯರಲ್ಲಿ ಒಬ್ಬರೂ ಇಲ್ಲ. 1947ರ ಅಕ್ಟೋಬರ್‌ನಲ್ಲಿ 243 ವಿಧಿಗಳ ಮೊದಲ ಕರಡು ಸಿದ್ಧಪಡಿಸಿದ ಮಂಗಳೂರಿನ ಬೆನಗಲ್ ನರಸಿಂಗ ರಾವ್ ಇಲ್ಲ. ಸಭೆಯಲ್ಲಿ ನಡೆದ ವಾದಗಳೂ ಇಲ್ಲ. ಪೀಠಿಕೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು 1949ರ ಅಕ್ಟೋಬರ್‌ನಲ್ಲಿ ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲೇ ಹುಟ್ಟಿದ ಎಚ್.ವಿ. ಕಾಮತ್, ಅದು 41–68 ಮತಗಳಿಂದ ಬಿದ್ದಿತು. ದೇವರ ಹೆಸರನ್ನೂ ಮತಕ್ಕೆ ಹಾಕಿ, ಫಲಿತಾಂಶವನ್ನು ಒಪ್ಪಿಕೊಂಡು ಈ ಗಣರಾಜ್ಯ ಕಟ್ಟಲ್ಪಟ್ಟಿತು. ಚಿತ್ರಮಾಲೆ ಮಗುವಿಗೆ ವಂಶಾವಳಿಯನ್ನು ಕೊಡುತ್ತದೆ, ಈ ವಾದವನ್ನು ಕೊಡುವುದಿಲ್ಲ.

ಮುಂಬೈಯ ಕನ್ನಡ ಮಕ್ಕಳಿಗೆ ಇದು ದೂರದ ವಿಷಯವಲ್ಲ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಹೊರತರುತ್ತದೆ. ಕರಾವಳಿ ಮೂಲದ ಬಂಟರ ಸಂಘದ ಕಾಲೇಜುಗಳು ಕುರ್ಲಾ ಪೂರ್ವದಲ್ಲಿವೆ. ಅದೇ ಕುರ್ಲಾದಲ್ಲಿ ಈಗ ಮುಚ್ಚಿರುವ ಸ್ವದೇಶಿ ಮಿಲ್ ಇದೆ. 1886ರಲ್ಲಿ ಜಮ್ಶೆಟ್‌ಜಿ ಟಾಟಾ ಧರಮ್ಸಿ ಗಿರಣಿಯನ್ನು ಕೊಂಡು ಅದಕ್ಕೆ ಸ್ವದೇಶಿ ಎಂದು ಹೆಸರಿಟ್ಟರು. ಬಂಗಾಳದ ಸ್ವದೇಶಿ ಚಳವಳಿಗೆ ಇನ್ನೂ ಹತ್ತೊಂಬತ್ತು ವರ್ಷಗಳಿದ್ದವು. ಗಿರಣಿಯ ಹಳೆಯ ಛಾಯಾಚಿತ್ರವೊಂದನ್ನು ಮುಂದಿಟ್ಟರೆ ಪಾಠ ನೇರವಾಗಿ ವಿಧಿಗಳಿಗೆ ಹೋಗುತ್ತದೆ. ಹದಿನಾಲ್ಕು ತುಂಬದ ಮಕ್ಕಳು ಕಾರ್ಖಾನೆಯಲ್ಲಿ ದುಡಿಯಕೂಡದೆಂಬ 24ನೆಯ ವಿಧಿಗೆ ಬೇರೆ ಪೀಠಿಕೆಯೇ ಬೇಡ. ಮುಂಬೈ ಗಿರಣಿಗಳಲ್ಲಿ ನೂಲನ್ನು ಬಾಯಿಂದ ಎಳೆಯಬೇಕಾದ್ದರಿಂದ ಮೈಲಿಗೆಯಾಗುತ್ತದೆಂಬ ಕಾರಣಕ್ಕೆ ದಲಿತರನ್ನು ನೇಯ್ಗೆ ಖಾತೆಯಿಂದ ದೂರವಿಟ್ಟಿದ್ದರು. 1928ರ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಅದನ್ನು ಪ್ರಶ್ನಿಸಿದರು. ಅಸ್ಪೃಶ್ಯತೆಯನ್ನು ರದ್ದುಮಾಡಿದ 17ನೆಯ ವಿಧಿ ಏಕೆ ಬೇಕಾಯಿತೆಂಬುದು ಈ ಸಂಗತಿಯಿಂದ ತಿಳಿಯುವಷ್ಟು ಸ್ಪಷ್ಟವಾಗಿ ಅದಿರುವ ಮೂರನೆಯ ಭಾಗದ ಚಿತ್ರದಿಂದ ತಿಳಿಯದು.

ನಂದಲಾಲರ ಚಿತ್ರಗಳು ತರಗತಿಯ ಗೋಡೆಯ ಮೇಲಿರಲಿ, ಆದರೆ 1950ರ ಕಲಾವಿದರು ಕಂಡ ಭಾರತ ಎಂಬ ಶೀರ್ಷಿಕೆಯಡಿ ಇರಲಿ. ಪಕ್ಕದಲ್ಲಿ ಸಂವಿಧಾನ ಸಭೆಯ ಛಾಯಾಚಿತ್ರ, ಅದರ ಪಕ್ಕದಲ್ಲಿ ಗಿರಣಿಯ ಚಿತ್ರ, ಕೆಳಗೆ ಆಯಾ ವಿಧಿಯ ಕನ್ನಡ ಪಠ್ಯ ಇರಬೇಕು. ಶಿಕ್ಷಕರು ಇಷ್ಟು ಮಾಡಿದರೆ, ರಾಷ್ಟ್ರವನ್ನು ಜನರೇ ವಾದಿಸಿ ಕಟ್ಟಿದರೆಂಬ ತಿಳಿವು ಮಕ್ಕಳಿಗೆ ದಕ್ಕುತ್ತದೆ.