ಪೈ ಒಳಗೊಂದು ಸಹಿ

ಕಾರ್ಲ್ ಸೇಗನ್ 1985ರಲ್ಲಿ ಬರೆದ 'ಕಾಂಟ್ಯಾಕ್ಟ್' ಕಾದಂಬರಿ ಓದಿದವರಿಗಿಂತ ಅದರ ಸಿನಿಮಾ ನೋಡಿದವರೇ ಜಾಸ್ತಿ ಇರಬೇಕು. ಜೋಡಿ ಫಾಸ್ಟರ್ ನಟಿಸಿದ 1997ರ ಆ ಸಿನಿಮಾ ಚೆನ್ನಾಗೇ ಇದೆ. ಆದರೆ ಕಾದಂಬರಿ ಯಾವುದರಲ್ಲಿ ಮುಗಿಯುತ್ತೋ ಅದನ್ನೇ ಸಿನಿಮಾದವರು ಕೈಬಿಟ್ಟರು. ಸೇಗನ್ ಜೊತೆ ನನ್ನ ಪ್ರೀತಿ, ಜಗಳ ಎರಡೂ ಇರೋದು ಅಲ್ಲೇ. ಕ್ಲೈಮ್ಯಾಕ್ಸ್ ಗೊತ್ತಾದರೆ ಬೇಜಾರಾಗುವವರು ಇಲ್ಲಿಗೇ ನಿಲ್ಲಿಸಿ.

ಎಲಿ ಆರೋವೇ ರೇಡಿಯೋ ಖಗೋಳ ವಿಜ್ಞಾನಿ. ವೇಗಾ ನಕ್ಷತ್ರದ ಕಡೆಯಿಂದ ಬಂದ ಸಂದೇಶದಲ್ಲಿದ್ದ ನಕ್ಷೆಯಂತೆ ಒಂದು ಯಂತ್ರ ಕಟ್ಟುತ್ತಾರೆ. ಅದರಲ್ಲಿ ಕೂತು ಹೋಗಿ ಬಂದ ಮೇಲೆ ಅವಳ ಕೈಯಲ್ಲಿ ಸಾಕ್ಷಿ ಏನೂ ಇಲ್ಲ, ಸರ್ಕಾರ ನಂಬಲ್ಲ. ಅಲ್ಲಿ ಸಿಕ್ಕವರು ಕೊಟ್ಟ ಒಂದು ಸುಳಿವು ಮಾತ್ರ ಉಳಿದಿರುತ್ತೆ: ಪೈ ಅಂಕಿಗಳ ಆಳದಲ್ಲಿ ಏನೋ ಇದೆ, ಹುಡುಕು. ಅವಳು ಕಂಪ್ಯೂಟರನ್ನು ಕೆಲಸಕ್ಕೆ ಹಚ್ಚುತ್ತಾಳೆ. ಕೊನೆಗೆ 11ರ ಆಧಾರಸಂಖ್ಯೆಯಲ್ಲಿ ಬರೆದ ಪೈ ಒಳಗೆ, ಎಲ್ಲೋ ಬಹಳ ದೂರದಲ್ಲಿ, ಬರೀ ಸೊನ್ನೆ ಮತ್ತು ಒಂದುಗಳ ಸಾಲು ಸಿಗುತ್ತೆ. ಚೌಕದಲ್ಲಿ ಜೋಡಿಸಿದರೆ ಸೊನ್ನೆಗಳ ಮಧ್ಯೆ ಒಂದುಗಳಿಂದಾದ ವೃತ್ತ! ಆ ಅಧ್ಯಾಯದ ಹೆಸರು 'ಕಲಾವಿದನ ಸಹಿ'.

ಇದನ್ನು ಹೇಳಿದರೆ ಸಾಮಾನ್ಯವಾಗಿ ಬರುವ ಆಕ್ಷೇಪ: "ಪೈ ರಿಪೀಟ್ ಆಗಲ್ಲ ಅಂತ ಪ್ರೂವ್ ಆಗಿದೆಯಲ್ಲ, ಅದು ಹೇಗೆ ಪ್ಯಾಟರ್ನ್ ಬರುತ್ತೆ?" ಇಲ್ಲಿ ನಾನು ಸೇಗನ್ ಪರ. ಶಾಲೆಯಲ್ಲಿ ಉರು ಹೊಡೆದ 22/7 ತಗೊಳ್ಳಿ. ಕಾಗದದ ಮೇಲೆ ಭಾಗಿಸುತ್ತಾ ಹೋದರೆ ಪ್ರತಿ ಹೆಜ್ಜೆಯ ಶೇಷ 1ರಿಂದ 6ರೊಳಗೇ ಇರಬೇಕು. ಆರು ಹೆಜ್ಜೆ ದಾಟುವಷ್ಟರಲ್ಲಿ ಹಳೇ ಶೇಷ ಮತ್ತೆ ಬರಲೇಬೇಕು. ಬಂತು ಅಂದರೆ ಮುಂದಿನದೆಲ್ಲ ಗಾಣದ ಎತ್ತು. ಅದಕ್ಕೇ 3.142857142857... ಯಾವ ಭಿನ್ನರಾಶಿಯದೂ ಇದೇ ಹಣೆಬರಹ. ಪೈ ಭಿನ್ನರಾಶಿಯೇ ಅಲ್ಲ ಅಂತ ಲ್ಯಾಂಬರ್ಟ್ 1760ರ ದಶಕದಲ್ಲಿ ಸಾಧಿಸಿ ತೋರಿಸಿದ. ಅದಕ್ಕೂ ಸುಮಾರು 250 ವರ್ಷ ಮೊದಲೇ ಕೇರಳದ ನೀಲಕಂಠ ಸೋಮಯಾಜಿ, ವ್ಯಾಸವನ್ನು ಶೇಷವಿಲ್ಲದೆ ಅಳೆಯುವ ಅಳತೆಗೋಲು ಪರಿಧಿಯನ್ನು ಅಳೆದಾಗ ಶೇಷ ಉಳಿಸಿಯೇ ತೀರುತ್ತೆ ಅಂತ ಬರೆದಿದ್ದ. ಸಾಧನೆ ಕೊಟ್ಟಿರಲಿಲ್ಲ, ಅಷ್ಟೇ.

ಲ್ಯಾಂಬರ್ಟ್ ಬಾಗಿಲು ಹಾಕಿದ್ದು ಕೊನೆಯಿಲ್ಲದ ಪುನರಾವರ್ತನೆಗೆ ಮಾತ್ರ. ನಡುವೆ ಎಲ್ಲೋ ಒಂದಿಷ್ಟು ದೂರ ಶಿಸ್ತಾಗಿ ಸಾಗಿ ಮತ್ತೆ ದಾರಿ ತಪ್ಪುವುದಕ್ಕೆ ಅಡ್ಡಿ ಇಲ್ಲ. 762ನೇ ದಶಮಾಂಶ ಸ್ಥಾನದಲ್ಲೇ ಆರು 9 ಸಾಲಾಗಿ ನಿಂತಿವೆ. ಇನ್ನೂ ವಿಚಿತ್ರ ಅಂದರೆ, ಯಾವುದೋ ಒಂದು ಹಂತದ ನಂತರ ಪೈನಲ್ಲಿ ಸೊನ್ನೆ ಮತ್ತು ಒಂದು ಮಾತ್ರ ಉಳಿಯುತ್ತವೆ ಅನ್ನೋದನ್ನೂ ಇವತ್ತಿನ ತನಕ ಯಾರೂ ಅಲ್ಲಗಳೆದಿಲ್ಲ. "ನಿಮ್ಮ ಫೋನ್ ನಂಬರ್, ನಿಮ್ಮ ಇಡೀ ಜೀವನಚರಿತ್ರೆ ಪೈ ಒಳಗಿದೆ" ಅಂತ ವಾಟ್ಸಾಪಿನಲ್ಲಿ ಓಡಾಡೋದು ಸಾಧಿತ ಸತ್ಯ ಅಲ್ಲ, ಬರೀ ಊಹೆ.

ಆ ಊಹೆ ನಿಜವಾದರೆ ಸೇಗನ್‌ಗೇ ಕಷ್ಟ. ಎಲ್ಲ ಸಾಲುಗಳೂ ಪೈ ಒಳಗಿದ್ದರೆ ವೃತ್ತವೂ ಇದೆ, ಚೌಕವೂ ಇದೆ, ಗಣಪತಿಯ ಚಿತ್ರವೂ ಇದೆ. ಸಹಿಗೆ ಬೆಲೆ ಎಲ್ಲಿ? ಹಾಗಾಗಿ ಎಲ್ಲಿ ಸಿಕ್ಕಿತು ಅನ್ನೋದೇ ಮುಖ್ಯ. ಹಳೇ ಡೆಸ್ಕ್‌ಟಾಪ್ ಐಕಾನಿನಷ್ಟು, 32ಕ್ಕೆ 32ರ ಚಿತ್ರ ಅಂದುಕೊಳ್ಳಿ: 1,024 ಅಂಕಿ. ಅದು ಆಕಸ್ಮಿಕವಾಗಿ ಸಿಗಬೇಕಾದರೆ 1ರ ಮುಂದೆ ಸಾವಿರಕ್ಕೂ ಹೆಚ್ಚು ಸೊನ್ನೆ ಇರುವಷ್ಟು ಅಂಕಿ ತಡಕಬೇಕು. ಯಾವ ಕಂಪ್ಯೂಟರೂ ಅಲ್ಲಿಗೆ ಮುಟ್ಟಲ್ಲ. ಎಲಿಯ ಕಂಪ್ಯೂಟರ್ ಮುಟ್ಟಿದೆ ಅಂದರೆ ಅದು ಆಕಸ್ಮಿಕ ಅಲ್ಲ. ಆಧಾರಸಂಖ್ಯೆ, ಚೌಕದ ಅಗಲ ಎಲ್ಲ ಬದಲಿಸಿ ಬದಲಿಸಿ ಹುಡುಕಿದ್ದಾಳೆ ಅಂತ ರಿಯಾಯಿತಿ ಕೊಟ್ಟರೂ ಈ ಲೆಕ್ಕ ಅಲುಗಲ್ಲ.

ನನ್ನ ಜಗಳ ಬೇರೆ. ಬೆಳಕಿನ ವೇಗದ ಹಾಗೆ ಪೈ ಅಳತೆ ಮಾಡಿ ಕಂಡುಕೊಂಡ ಸಂಖ್ಯೆ ಅಲ್ಲ. ಮಾಧವನದು ಅಂತ ಅವನ ಶಿಷ್ಯಪರಂಪರೆ ಹೇಳುವ ಸರಣಿ ನೋಡಿ: 1ರಿಂದ 1/3 ಕಳೆದು, 1/5 ಕೂಡಿಸಿ, 1/7 ಕಳೆದು, ಹೀಗೇ ಹೋದರೆ ಸಿಗೋದು ಪೈನ ಕಾಲು ಭಾಗ. ಇದರಲ್ಲಿ ಆಕಾಶ ಎಲ್ಲಿದೆ, ನಕ್ಷತ್ರ ಎಲ್ಲಿದೆ? ವಿಶ್ವ ಕಟ್ಟುವವನು ಆಕಾಶವನ್ನು ಬೇಕಾದ ಹಾಗೆ ಬಾಗಿಸಲಿ, ಅಲ್ಲಿ ಎಳೆದ ವೃತ್ತದ ಪರಿಧಿ ಬದಲಾದೀತು. ಈ ಕೂಡಿಸಿ ಕಳೆಯುವ ಲೆಕ್ಕ ಬದಲಾಗಲ್ಲ. ಅಲ್ಲಿ ಸಹಿ ಹಾಕಬೇಕಾದರೆ ಒಂದು ಮತ್ತು ಒಂದು ಕೂಡಿದರೆ ಎರಡು ಅನ್ನೋದನ್ನೇ ಅವನು ತಿದ್ದಬೇಕು. ಗಣಿತವನ್ನೂ ಬರೆದವರಿದ್ದಾರೆ ಅಂತ ಸೇಗನ್ ಸೂಚಿಸುತ್ತಿದ್ದರೆ, ಆ ಭಯಂಕರ ಮಾತು ಒಂದು ಇಡೀ ಕಾದಂಬರಿ ಬೇಡುತ್ತೆ. ಅವನು ಕೊನೇ ಪುಟಗಳಲ್ಲಿ ಹೇಳಿ ಎದ್ದು ಹೋಗ್ತಾನೆ.

ಇನ್ನೊಂದು ಕೊರತೆ: ಎಲಿ ಒಬ್ಬ ವಿಜ್ಞಾನಿಯಾಗಿ ಮೊದಲು ತನ್ನ ಪ್ರೋಗ್ರಾಮನ್ನೇ ಅನುಮಾನಿಸಬೇಕಿತ್ತು. 19ನೇ ಶತಮಾನದಲ್ಲಿ ವಿಲಿಯಂ ಶ್ಯಾಂಕ್ಸ್ ಕೈಯಲ್ಲೇ ಲೆಕ್ಕ ಮಾಡಿದ ಪೈ ನೋಡಿ, ನಮ್ಮ ಮಧುರೈಯಲ್ಲಿ ಹುಟ್ಟಿದ ಡಿ ಮಾರ್ಗನ್ ಒಂದು ವಿಷಯ ಗಮನಿಸಿದ: 608 ಅಂಕಿಗಳಲ್ಲಿ 7 ಬಂದಿರೋದು ಬರೀ 44 ಸಲ. ಸುಮಾರು 61 ಬರಬೇಕಿತ್ತು. ಏಳರ ಮೇಲೆ ಪೈಗೆ ಏನೋ ಮುನಿಸು! 1940ರ ದಶಕದಲ್ಲಿ ಫರ್ಗ್ಯೂಸನ್ ಮತ್ತೆ ಲೆಕ್ಕ ಹಾಕಿದಾಗ, 528ನೇ ಸ್ಥಾನದಿಂದ ಮುಂದೆ ಶ್ಯಾಂಕ್ಸ್ ಲೆಕ್ಕವೇ ತಪ್ಪು ಅಂತ ಗೊತ್ತಾಯ್ತು. ಪ್ಯಾಟರ್ನ್ ಕಂಡರೆ ಮೊದಲು ಬಗ್ ಹುಡುಕು ಅನ್ನೋದು ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಬೈದ ಮೇಲೂ, ಸಿನಿಮಾ ಮತ್ತು ಕಾದಂಬರಿ ಎದುರಿಟ್ಟರೆ ನಾನು ಕಾದಂಬರಿಯನ್ನೇ ಆರಿಸೋದು. ಸಿನಿಮಾದಲ್ಲಿ ಸಾಕ್ಷಿ ಅಂದರೆ ಎಲಿಯ ರೆಕಾರ್ಡರಿನಲ್ಲಿದ್ದ 18 ಗಂಟೆಯ ಬರೀ ಗೊರಗೊರ ಸದ್ದು. ಅದು ಇಬ್ಬರು ದೊಡ್ಡವರಿಗೆ ಗೊತ್ತು, ಅವಳಿಗೇ ಗೊತ್ತಿಲ್ಲ. ಕಾದಂಬರಿಯ ಸಾಕ್ಷಿಯನ್ನು ಯಾವ ಅಧಿಕಾರಿಯೂ ಬೀರುವಿನಲ್ಲಿಟ್ಟು ಬೀಗ ಹಾಕೋಕಾಗಲ್ಲ. ಕಂಪ್ಯೂಟರ್ ಇದ್ದ ಯಾರು ಬೇಕಾದರೂ, ಯಾವ ಊರಲ್ಲಿ ಬೇಕಾದರೂ ಲೆಕ್ಕ ಮಾಡಿ ನೋಡಬಹುದು. 2022ರಲ್ಲಿ ಗೂಗಲ್‌ನ ಎಮಾ ಹರುಕಾ ಇವಾವೊ 100 ಟ್ರಿಲಿಯನ್ ಅಂಕಿ ತನಕ ಹೋದರು. ಕೊನೆಯ ಅಂಕಿ ಸೊನ್ನೆ. ಅವರು ಬಳಸಿದ ವೈ-ಕ್ರಂಚರ್ ಪ್ರೋಗ್ರಾಂ ಉಚಿತವಾಗಿ ಸಿಗುತ್ತೆ, ಉತ್ತರವನ್ನು 10ರ ಮತ್ತು 16ರ ಆಧಾರದಲ್ಲಿ ಕೊಡುತ್ತೆ. 11ಕ್ಕೆ ಬದಲಿಸೋ ಕೋಡ್ ಮಾತ್ರ ನೀವೇ ಬರ್ಕೋಬೇಕು.